ಗೃಹಸ್ಥನ ವೈಯಾವೃತ್ಯ: ಅಂಗಾಂಗ ಕಸಿಯ ನಂತರದ ದೀರ್ಘ ಸೇವೆ

ಜೈನಾಚಾರ್ಯರು ತಪಸ್ಸನ್ನು ಬಾಹ್ಯ ಮತ್ತು ಆಭ್ಯಂತರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಆಭ್ಯಂತರ ತಪಸ್ಸಿನ ಆರು ಭೇದಗಳಲ್ಲಿ ಪ್ರಾಯಶ್ಚಿತ್ತ, ವಿನಯಗಳ ನಂತರ ಮೂರನೆಯದಾಗಿ ಬರುವುದು ವೈಯಾವೃತ್ಯ. ಸ್ವಾಧ್ಯಾಯ ಮತ್ತು ಧ್ಯಾನಗಳು ಅದರ ನಂತರದವು. ಕೈಕಾಲು ಒತ್ತುವುದು, ಮಲಮೂತ್ರಗಳನ್ನು ಶುಚಿಗೊಳಿಸುವುದು, ಪಥ್ಯಾಹಾರವನ್ನು ಒದಗಿಸುವುದು ಮುಂತಾದ ಕೈಕೆಲಸವನ್ನು ಆಚಾರ್ಯರು ಬಾಹ್ಯ ತಪಸ್ಸಿನಲ್ಲಿ ಸೇರಿಸದೆ ಆಭ್ಯಂತರದಲ್ಲಿ ಸೇರಿಸಿದ್ದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು ಗ್ರಂಥಭಂಡಾರದಲ್ಲಿ ಹುಡುಕುವುದಕ್ಕಿಂತ ರೋಗಿಯ ಹಾಸಿಗೆಯ ಪಕ್ಕದಲ್ಲಿ ಹುಡುಕುವುದು ಇಂದಿನ ಕಾಲಕ್ಕೆ ಹೆಚ್ಚು ಉಪಯುಕ್ತ.

ಹಿಂದೆ ಕಠಿಣ ರೋಗವು ಕೆಲವು ದಿನಗಳಲ್ಲಿ ಅಥವಾ ತಿಂಗಳುಗಳಲ್ಲಿ ಒಂದು ಕೊನೆ ಕಾಣುತ್ತಿತ್ತು. ಇಂದು ವಿಜ್ಞಾನವು ಆಯುಷ್ಯವನ್ನು ವಿಸ್ತರಿಸಿದೆ. ಅದರೊಡನೆ ಸೇವೆಯ ಅವಧಿಯೂ ವಿಸ್ತರಿಸಿದೆ. ಮೂತ್ರಪಿಂಡದ ಕಸಿ ಇದಕ್ಕೆ ಸ್ಪಷ್ಟ ನಿದರ್ಶನ. 1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್‍ರೆ ಅವರು ರೊನಾಲ್ಡ್ ಹೆರಿಕ್ ಎಂಬಾತನ ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡ್‌ನಿಗೆ ಜೋಡಿಸಿದರು. ಇದೇ ಮೊದಲ ಯಶಸ್ವೀ ಕಸಿ. ತನಗೆ ಶುಶ್ರೂಷೆ ಮಾಡಿದ ದಾದಿ ಕ್ಲೇರ್ ಅವರನ್ನು ರಿಚರ್ಡ್ ವಿವಾಹವಾದನು. ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಆದರೆ ಮೊದಲಿನ ರೋಗವೇ ಹೊಸ ಮೂತ್ರಪಿಂಡವನ್ನೂ ಹಿಡಿಯಿತು. 1963ರಲ್ಲಿ ರಿಚರ್ಡ್ ಕಾಲವಶನಾದನು. ದಾನ ಕೊಟ್ಟ ರೊನಾಲ್ಡ್ 2010ರವರೆಗೆ ಬದುಕಿದ್ದನು. ಶಸ್ತ್ರವೈದ್ಯರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇತಿಹಾಸದಲ್ಲಿ ವೈದ್ಯರ ಹೆಸರೂ ದಾನಿಯ ಹೆಸರೂ ದೊಡ್ಡದಾಗಿ ಉಳಿದಿವೆ. ಗಂಡನ ಆರೋಗ್ಯ ಏರುಪೇರಾದಾಗ ಮನೆಯನ್ನು ನಡೆಸಿದ ಹೆಂಡತಿಯ ಹೆಸರು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಈ ಪ್ರಬಂಧದ ವಿಷಯ ಆ ಒಂದು ಸಾಲಿನ ಒಳಗಿರುವ ಧರ್ಮ.

ಕಸಿಯ ನಂತರ ಏನು?

ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೀವಂತ ದಾನಿಯಿಂದ ಪಡೆದ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದಿತು. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಕಾಯ್ದೆಯು ಗಂಡ ಹೆಂಡಿರನ್ನು ಆರಂಭದಿಂದಲೂ ಸಮೀಪ ಬಂಧುಗಳ ಸಾಲಿನಲ್ಲಿ ಇರಿಸಿದೆ. ರಕ್ತಸಂಬಂಧವಿಲ್ಲದಿದ್ದರೂ ಅರ್ಧಾಂಗಿ ಎಂಬ ಮಾತಿಗೆ ಕಾನೂನೇ ಸಾಕ್ಷಿ ನುಡಿದಂತಾಗಿದೆ.

ಜನಸಾಮಾನ್ಯರ ತಿಳಿವಳಿಕೆಯಲ್ಲಿ ಕಸಿ ಎಂದರೆ ಕಷ್ಟದ ಕೊನೆ. ವಾಸ್ತವವಾಗಿ ಅದು ಇನ್ನೊಂದು ಜೀವನಕ್ರಮದ ಆರಂಭ. ದೇಹವು ಹೊಸ ಅಂಗವನ್ನು ಪರಕೀಯವೆಂದು ಭಾವಿಸಿ ಅದರ ಮೇಲೆ ಎರಗುತ್ತದೆ. ಅದನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಗಳನ್ನು ಆ ಅಂಗ ಕೆಲಸ ಮಾಡುವಷ್ಟು ಕಾಲವೂ ಸೇವಿಸಬೇಕು. ಶಕ್ತಿ ತಗ್ಗಿದ ದೇಹದೊಳಗೆ ಸೋಂಕುಗಳು ಸುಲಭವಾಗಿ ಪ್ರವೇಶಿಸುತ್ತವೆ. ಔಷಧ ಕಡಿಮೆಯಾದರೆ ಅಂಗ ಕೆಡುತ್ತದೆ. ಹೆಚ್ಚಾದರೆ ಸೋಂಕು ಬರುತ್ತದೆ. ಸ್ಟೀರಾಯ್ಡ್ ಮತ್ತು ಟ್ಯಾಕ್ರೋಲಿಮಸ್‌ಗಳಿಂದ ಕೆಲವರಿಗೆ ಮೊದಲಿರದ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕೈ ನಡುಗುತ್ತದೆ, ಮುಖ ಊದಿಕೊಳ್ಳುತ್ತದೆ, ನಿದ್ರೆ ಹಾರಿಹೋಗುತ್ತದೆ. ಒಂದು ಸಲದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಅಂಶ ಏರಿತೆಂದರೆ ಮತ್ತೆ ಆಸ್ಪತ್ರೆ, ಮತ್ತೆ ಬಯಾಪ್ಸಿ, ಮತ್ತೆ ಸೂಜಿ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಗೊಬ್ಬೂರದಂತಹ ಒಂದು ಊರಿನಲ್ಲಿ ಅಂಗಡಿ ಇಟ್ಟುಕೊಂಡು, ಒಂದಿಷ್ಟು ತೊಗರಿ ಬೆಳೆದುಕೊಂಡು ಬಾಳುವ ಶ್ರಾವಕ ದಂಪತಿಗಳನ್ನು ಊಹಿಸಿಕೊಳ್ಳಬಹುದು. ಹೆಂಡತಿಗೆ ಕಸಿಯಾಗಿದೆ. ತಜ್ಞವೈದ್ಯರು ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ರಾತ್ರಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಊರೆಲ್ಲ ಹೊಟ್ಟು ಧೂಳು. ಅದರೊಳಗಿನ ಬೂಷ್ಟು ಅಂಥವರ ಶ್ವಾಸಕೋಶಕ್ಕೆ ಅಪಾಯ. ಮೊದಲ ತಿಂಗಳಲ್ಲಿ ಬೀಗರು ಬಿಜ್ಜರು ಬಂದು ಹಣ್ಣು ಕೊಟ್ಟು ಧೈರ್ಯ ಹೇಳಿ ಹೋಗುತ್ತಾರೆ. ಮೂರನೆಯ ವರ್ಷದಲ್ಲಿ, ನಾಲ್ಕನೆಯ ಸಲ ಆಸ್ಪತ್ರೆ ಸೇರುವಾಗ, ಜೊತೆಗೆ ಇರುವವನು ಗಂಡನೊಬ್ಬನೇ. ಆಗ ಅವನು ಮಾಡುವ ಸೇವೆ ಧರ್ಮವೋ, ಅಥವಾ ಬರಿಯ ಸಂಸಾರದ ಮೋಹವೋ?

ಮೋಹವೋ ಧರ್ಮವೋ?

ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಶಾಸ್ತ್ರವು ಹೇಳುವ ಹತ್ತು ಬಗೆಯ ವೈಯಾವೃತ್ಯದಲ್ಲಿ ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷ, ಗ್ಲಾನ ಮುಂತಾದವರು ಬರುತ್ತಾರೆ. ಗ್ಲಾನ ಎಂದರೆ ರೋಗಪೀಡಿತ. ಆದರೆ ಅಲ್ಲಿ ಉದ್ದೇಶಿಸಿರುವುದು ರೋಗಪೀಡಿತ ಮುನಿಯನ್ನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಅಲ್ಲಿಯೂ ಸಂಯಮಿಗಳ ಸೇವೆಯೇ ಮುಖ್ಯ. ಹೀಗಿರುವಾಗ ಹೆಂಡತಿಯ ಅಥವಾ ಗಂಡನ ಶುಶ್ರೂಷೆಯನ್ನು ವೈಯಾವೃತ್ಯವೆಂದು ಕರೆಯುವುದು ಶಬ್ದವನ್ನು ಹಿಗ್ಗಿಸಿದಂತೆ ಆಗುವುದಿಲ್ಲವೇ?

ಕಟ್ಟುನಿಟ್ಟಾಗಿ ಹೇಳುವುದಾದರೆ ಆಗುತ್ತದೆ. ಆದರೆ ಇದಕ್ಕೆ ಬೇಕಾದ ಬೆಳಕು ಗೊಬ್ಬೂರದ ಜಿಲ್ಲೆಯಲ್ಲಿಯೇ ಇದೆ. ಇದೇ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು, ಎಂದರೆ ಕೊಡುವ ಧರ್ಮವನ್ನು, ನಾಲ್ಕಾಗಿ ವಿವರಿಸಿದ್ದಾರೆ. ದೀನರಿಗೆ ಕರುಣೆಯಿಂದ ಕೊಡುವುದು ದಯಾದತ್ತಿ. ಸಂಯಮಿಗಳಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ತನಗೆ ಸಮಾನರಾದ ಗೃಹಸ್ಥರಿಗೆ ಆದರದಿಂದ ಕೊಡುವುದು ಸಮದತ್ತಿ. ಮನೆತನದ ಭಾರವನ್ನು ಮಗನಿಗೆ ವಹಿಸಿಕೊಡುವುದು ಅನ್ವಯದತ್ತಿ.

ದಾಂಪತ್ಯದ ಶುಶ್ರೂಷೆಗೆ ಇವುಗಳಲ್ಲಿ ಒಪ್ಪುವ ಹೆಸರು ಸಮದತ್ತಿ. ರೋಗಿಯಾದ ಸತಿಯನ್ನು ದೇವರಂತೆ ಪೂಜಿಸಬೇಕಿಲ್ಲ. ಅದು ಪಾತ್ರದತ್ತಿಯ ಸ್ಥಾನ. ಆಕೆಯನ್ನು ದೀನಳೆಂದು ಕನಿಕರಿಸಬೇಕಾಗಿಯೂ ಇಲ್ಲ; ಅದು ದಯಾದತ್ತಿಯ ದೃಷ್ಟಿ. ಬಹುಕಾಲದ ರೋಗಿಗೆ ಅತ್ಯಂತ ನೋವನ್ನುಂಟುಮಾಡುವುದು ಈ ಕನಿಕರದ ದೃಷ್ಟಿಯೇ. ಆಕೆಯನ್ನು ಕೇಳದೆ ಆಕೆಯ ವಿಷಯವನ್ನು ನಿಶ್ಚಯಿಸುವುದು, ಬಂದವರೆದುರು ಆಕೆಯ ದೇಹಸ್ಥಿತಿಯನ್ನು ವರ್ಣಿಸುವುದು, ಅಂಗಡಿಯ ಲೆಕ್ಕಪತ್ರವನ್ನು ನಿನ್ನೆಯವರೆಗೆ ನೋಡುತ್ತಿದ್ದವಳ ಕೈಯಿಂದ ಅದನ್ನು ಕಸಿದುಕೊಳ್ಳುವುದು, ಇವೆಲ್ಲ ಸೇವೆಯ ಹೆಸರಿನಲ್ಲಿ ನಡೆಯುವ ಸೂಕ್ಷ್ಮ ಹಿಂಸೆಗಳು. ಸಮದತ್ತಿಯಲ್ಲಿ ಪಡೆಯುವವನ ಮಾನ ಕೊಡುವವನ ಮಾನಕ್ಕೆ ಸಮ.

ಇನ್ನು ರಾಗದ ಮಾತು. ಗೃಹಸ್ಥನು ವೀತರಾಗನಲ್ಲ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಶುಭೋಪಯೋಗ, ಶುದ್ಧೋಪಯೋಗಗಳ ಭೇದವನ್ನು ತಿಳಿಸಿದ್ದಾರೆ. ಕರುಣೆಯ ಸೇವೆ ಶುಭೋಪಯೋಗ. ಅದು ಮೋಕ್ಷಕ್ಕೆ ನೇರ ಕಾರಣವಲ್ಲದಿದ್ದರೂ ಗೃಹಸ್ಥನಿಗೆ ತಕ್ಕ ಮಾರ್ಗ. ರಾಗವಿದೆ ಎಂಬ ಕಾರಣಕ್ಕೆ ಸೇವೆಯನ್ನು ಬಿಟ್ಟರೆ ರಾಗ ಹೋಗುವುದಿಲ್ಲ, ಸೇವೆ ಮಾತ್ರ ಹೋಗುತ್ತದೆ. ದೀರ್ಘ ಸೇವೆಯಲ್ಲಿ ಇನ್ನೊಂದು ವಿಶೇಷವಿದೆ. ಸುಖದ ಆಸೆಯಿಂದ ಹುಟ್ಟಿದ ರಾಗವು ಮೂರು ನಾಲ್ಕು ವರ್ಷಗಳ ಜಾಗರಣೆಯನ್ನು ಸಹಿಸಲಾರದು. ಅದು ಮೊದಲೇ ಬತ್ತುತ್ತದೆ. ಅದು ಬತ್ತಿದ ನಂತರವೂ ಕೈ ಕೆಲಸ ಮಾಡುತ್ತಿದ್ದರೆ, ಆ ಕೈಯನ್ನು ನಡೆಸುತ್ತಿರುವುದು ರಾಗಕ್ಕಿಂತ ಶುದ್ಧವಾದ ಮತ್ತೊಂದು ಭಾವ. ವೈಯಾವೃತ್ಯವನ್ನು ಆಭ್ಯಂತರ ತಪಸ್ಸೆಂದು ಕರೆದುದರ ಮರ್ಮ ಇಲ್ಲಿ ತಿಳಿಯುತ್ತದೆ.

ಕರ್ಮಸಿದ್ಧಾಂತದ ದುರುಪಯೋಗ

ಕಸಿ ಮಾಡಿದ ಅಂಗಕ್ಕೆ ತೊಂದರೆಯಾದಾಗ ಬಂಧುಗಳ ಬಾಯಿಂದ ಬರುವ ಮೊದಲ ಮಾತು, ಅಸಾತಾವೇದನೀಯ ಕರ್ಮದ ಉದಯ, ಯಾರೇನು ಮಾಡಲಾದೀತು ಎಂಬುದು. ಸಿದ್ಧಾಂತವಾಗಿ ಇದು ಸರಿ. ಆದರೆ ಹೇಳುವ ಸ್ಥಳ ತಪ್ಪು. ಕರ್ಮಸಿದ್ಧಾಂತವು ತನ್ನ ಕಷ್ಟವನ್ನು ತಾನು ತಾಳಿಕೊಳ್ಳುವುದಕ್ಕೆ ಕೊಟ್ಟ ಸಾಧನ. ಪರರ ಕಷ್ಟದ ಮೇಲೆ ತೀರ್ಪು ಬರೆಯುವುದಕ್ಕೆ ಕೊಟ್ಟದ್ದಲ್ಲ.

ಮೈನಾಸುಂದರಿಯ ಕಥೆ ಎಲ್ಲ ಜೈನ ಮನೆಗಳಲ್ಲಿಯೂ ಪರಿಚಿತ. ಕನ್ನಡದಲ್ಲಿ ಮೂರನೆಯ ಮಂಗರಸನು ಶ್ರೀಪಾಲ ಚರಿತೆಯನ್ನು ರಚಿಸಿದ್ದಾನೆ. ತನ್ನ ಸುಖದುಃಖಗಳಿಗೆ ತನ್ನ ಕರ್ಮವೇ ಕಾರಣ, ತಂದೆಯಲ್ಲ ಎಂದು ಹೇಳಿದ್ದಕ್ಕೆ ಕುಪಿತನಾದ ರಾಜನು ಮಗಳನ್ನು ಕುಷ್ಠರೋಗಿಯಾದ ಶ್ರೀಪಾಲನಿಗೆ ಕೊಟ್ಟು ಮದುವೆ ಮಾಡಿದನು. ಸಿದ್ಧಚಕ್ರದ ಆರಾಧನೆಯಿಂದ ಪತಿಯೂ ಅವನ ಏಳುನೂರು ಸಂಗಡಿಗರೂ ಗುಣಹೊಂದಿದರೆಂಬುದು ಕಥೆಯ ಪ್ರಸಿದ್ಧ ಭಾಗ. ಕೇಳುವವರು ಗುಣಹೊಂದಿದ ದಿನವನ್ನು ನೆನಪಿಡುತ್ತಾರೆ. ಅದಕ್ಕೂ ಹಿಂದಿನ ದಿನಗಳನ್ನು ಮರೆಯುತ್ತಾರೆ. ಕರ್ಮವೇ ಕಾರಣವೆಂದು ರಾಜಸಭೆಯಲ್ಲಿ ವಾದಿಸಿದ ಅದೇ ಹೆಣ್ಣುಮಗಳು, ಗಂಡನ ವ್ರಣಗಳನ್ನು ಕಂಡಾಗ ಇದು ನಿನ್ನ ಕರ್ಮವೆಂದು ಕೈಕಟ್ಟಿ ಕೂಡಲಿಲ್ಲ. ತನ್ನ ಪಾಲಿಗೆ ಕರ್ಮ, ಪತಿಯ ಪಾಲಿಗೆ ಸೇವೆ, ಇದು ಆಕೆ ಮಾಡಿದ ವಿಭಜನೆ. ಗುಣವಾಗುವುದೆಂಬ ಭರವಸೆ ಇಲ್ಲದಿದ್ದಾಗಲೇ ಆಕೆ ಸೇವೆಗೆ ನಿಂತಳು. ಗುಣವಾಗದಿದ್ದರೂ ಆಕೆಯ ಧರ್ಮಕ್ಕೆ ಕೊರತೆಯಾಗುತ್ತಿರಲಿಲ್ಲ.

ಸೇವೆಯಲ್ಲಿ ಜುಗುಪ್ಸೆಯನ್ನು ಗೆಲ್ಲುವುದಕ್ಕೆ ಉದ್ದಾಯನ ರಾಜನ ಕಥೆ ಆದರ್ಶ. ಮುನಿವೇಷದಿಂದ ಬಂದ ದೇವನು ಆಹಾರ ಸೇವಿಸಿ ದಂಪತಿಗಳ ಮೇಲೆಯೇ ವಾಂತಿ ಮಾಡಿದಾಗ ರಾಜನು ಮುಖ ಸಿಂಡರಿಸದೆ, ತಾನು ಕೊಟ್ಟ ಆಹಾರವೇ ಅಪಥ್ಯವಾಯಿತೇನೋ ಎಂದು ನೊಂದು, ಮುನಿಯ ಮೈ ತೊಳೆದನು. ನಿರ್ವಿಚಿಕಿತ್ಸಾ ಎಂಬ ಸಮ್ಯಕ್ತ್ವದ ಅಂಗಕ್ಕೆ ಈ ರಾಜನನ್ನು ಉದಾಹರಿಸುತ್ತಾರೆ. ಇಂದಿನ ಕಾಲದಲ್ಲಿ ಇದಕ್ಕೆ ಒಂದು ಮಾತನ್ನು ಸೇರಿಸಬೇಕು. ಸ್ಟೀರಾಯ್ಡ್ ಔಷಧವು ಕೆಲವರಲ್ಲಿ ಕೋಪವನ್ನೂ ಚಡಪಡಿಕೆಯನ್ನೂ ಹೆಚ್ಚಿಸುತ್ತದೆ. ನಡುರಾತ್ರಿ ಬಂದ ಕಠೋರ ನುಡಿ ಆಕೆಯದೇ ಆಗಿರಬೇಕೆಂದಿಲ್ಲ, ಔಷಧದ್ದೂ ಆಗಿರಬಹುದು. ವಾಂತಿಯನ್ನು ಒರೆಸುವ ಕೈ ಆ ನುಡಿಯನ್ನೂ ಹಾಗೆಯೇ ಒರೆಸಿಹಾಕಬೇಕು.

ವ್ರತನಿಯಮಗಳ ಸಮಸ್ಯೆ

ಜೈನ ಮನೆಯಲ್ಲಿ ಕಸಿಯ ರೋಗಿ ಇರುವಾಗ ಆಚಾರದ ಪ್ರಶ್ನೆಗಳು ದಿನವೂ ಏಳುತ್ತವೆ. ಅವುಗಳಲ್ಲಿ ಕೆಲವು ಸುಲಭ. ನೀರನ್ನು ಸೋಸಿ ಕಾಯಿಸಿ ಕುಡಿಯುವ ಹಳೆಯ ನಿಯಮ ವೈದ್ಯರ ಸಲಹೆಯೇ ಆಗಿದೆ. ಉಪ್ಪು ಸಕ್ಕರೆಗಳನ್ನು ಬಿಡುವ ಪಥ್ಯವು ರಸಪರಿತ್ಯಾಗವೆಂಬ ಬಾಹ್ಯ ತಪಸ್ಸು. ಜನಸಂದಣಿಯಿಂದ ದೂರವಿರುವುದು ವಿವಿಕ್ತ ಶಯ್ಯಾಸನಕ್ಕೆ ಹತ್ತಿರ. ಹಾಸಿಗೆ ಹಿಡಿದವರು ಉಪವಾಸ ಮಾಡಲಾಗಲಿಲ್ಲವೆಂದು ಮರುಗಬೇಕಾಗಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ವಿಧಿಸಲಾಗಿದೆ. ದಶಲಕ್ಷಣ ಪರ್ವದಲ್ಲಿ ನಿರಾಹಾರವಿದ್ದು ಔಷಧವನ್ನು ತಪ್ಪಿಸಿದರೆ ಅದು ತಪಸ್ಸಲ್ಲ, ಅವಿವೇಕ.

ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಸ್ವಲ್ಪ ಯೋಜನೆ ಬೇಕು. ಟ್ಯಾಕ್ರೋಲಿಮಸ್ ಮುಂತಾದ ಔಷಧವನ್ನು ದಿನಕ್ಕೆರಡು ಸಲ ಕೊಡುವಾಗ ಹನ್ನೆರಡು ಗಂಟೆಗಳ ಅಂತರವನ್ನು ಪಾಲಿಸಬೇಕು. ವೈದ್ಯರನ್ನು ಕೇಳಿ ಹೊತ್ತನ್ನು ಮೊದಲೇ ಗೊತ್ತುಪಡಿಸಿಕೊಂಡರೆ ಅನೇಕ ದಿನಗಳಲ್ಲಿ ನಿಯಮಕ್ಕೂ ಔಷಧಕ್ಕೂ ವಿರೋಧ ಬಾರದು. ಬಂದ ದಿನ ಔಷಧ ಮತ್ತು ನೀರಿನ ವಿನಾಯಿತಿಯಿಟ್ಟು ನಿಯಮ ಸ್ವೀಕರಿಸುವ ರೂಢಿ ಸಮಾಜದಲ್ಲಿದೆ. ಹಣ್ಣಿನಲ್ಲಿ ಚಕ್ಕೋತವನ್ನು ವರ್ಜಿಸಬೇಕು. ಅದು ಈ ಔಷಧದ ಅಂಶವನ್ನು ರಕ್ತದಲ್ಲಿ ಅಪಾಯಕರವಾಗಿ ಏರಿಸುತ್ತದೆ.

ಕಠಿಣವಾದ ಪ್ರಶ್ನೆ ಔಷಧದ ಮೂಲದ್ದು. ಸೈಕ್ಲೋಸ್ಪೋರಿನ್ ನಾರ್ವೆ ದೇಶದ ಮಣ್ಣಿನಲ್ಲಿ ದೊರೆತ ಶಿಲೀಂಧ್ರದಿಂದಲೂ, ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಾಣುವಿನಿಂದಲೂ ಬಂದವು. ಅನೇಕ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಜನ್ಯವಾದ ಜೆಲಟಿನ್. ಜೈನ ವೈದ್ಯಪರಂಪರೆ ಈ ಬಗೆಯ ಪ್ರಶ್ನೆಯನ್ನು ಹಿಂದೆಯೇ ಎದುರಿಸಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸಾಕ್ರಮವನ್ನು ಕಲ್ಯಾಣಕಾರಕದಲ್ಲಿ ನಿರೂಪಿಸಿದರು; ಮಾಂಸದ ನಿರುಪಯುಕ್ತತೆಯನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದರು. ಆ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಆಚಾರ್ಯರು ಮಾಂಸವನ್ನು ಬಿಡಿಸಿದ್ದಷ್ಟೇ ಅಲ್ಲ, ಅದರ ಬದಲಿಗೆ ಬೇರೆ ಔಷಧವನ್ನು ಕೊಟ್ಟರು. ಆದ್ದರಿಂದ ಸಸ್ಯಜನ್ಯ ಕವಚದ ಅಥವಾ ಬೇರೆ ರೂಪದ ಔಷಧವಿದೆಯೇ ಎಂದು ವೈದ್ಯರನ್ನು ಕೇಳುವುದು ಶ್ರಾವಕನ ಕರ್ತವ್ಯ. ಬದಲಿ ಇಲ್ಲದಿದ್ದಾಗ ತಾನಾಗಿಯೇ ಔಷಧವನ್ನು ನಿಲ್ಲಿಸುವುದಾಗಲಿ, ಕವಚವನ್ನು ಬಿಡಿಸಿ ಪುಡಿಯನ್ನು ಕೊಡುವುದಾಗಲಿ ಕೂಡದು. ಗೃಹಸ್ಥನು ತ್ಯಜಿಸಿರುವುದು ಸಂಕಲ್ಪೀ ಹಿಂಸೆಯನ್ನು. ಅಲ್ಪ ದೋಷವನ್ನು ತಪ್ಪಿಸಲೆಂದು ಪಂಚೇಂದ್ರಿಯ ಮನುಷ್ಯ ಜೀವವನ್ನು ಅಪಾಯಕ್ಕೆ ಒಡ್ಡುವುದು ಅಹಿಂಸೆಯ ಲೆಕ್ಕದಲ್ಲಿಯೇ ನಷ್ಟ.

ಸತ್ಯ ಹೇಳಬೇಕೇ?

ವರದಿ ಕೆಟ್ಟದಾಗಿ ಬಂದರೆ ಅದನ್ನು ರೋಗಿಯಿಂದ ಮರೆಮಾಡುವುದು ಅನೇಕ ಮನೆಗಳ ಪದ್ಧತಿ. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂಬ ಸತ್ಯಾಣುವ್ರತದ ಲಕ್ಷಣವನ್ನು ಇದಕ್ಕೆ ಆಧಾರವಾಗಿ ತೋರಿಸುವುದುಂಟು. ಆದರೆ ಇಲ್ಲಿ ವಿಪತ್ತನ್ನು ತರುವುದು ಸತ್ಯವಲ್ಲ, ಮರೆಮಾಚುವಿಕೆ. ಯಾವ ದಿನ ಜ್ವರ ಅಪಾಯಕರ, ಯಾವ ಗುಳಿಗೆ ತಪ್ಪಬಾರದು ಎಂಬುದನ್ನು ಕಸಿಯ ರೋಗಿ ಸ್ವತಃ ತಿಳಿದಿರಬೇಕು. ಅಂಗಡಿಯ ನಷ್ಟವನ್ನು ಪಾಲುದಾರನಿಂದ ಮುಚ್ಚಿಡುವ ವ್ಯಾಪಾರಿಯನ್ನು ಯಾರೂ ದಯಾಳು ಎನ್ನುವುದಿಲ್ಲ. ದೇಹದ ಲೆಕ್ಕದಲ್ಲಿ ರೋಗಿಯೇ ಮುಖ್ಯ ಪಾಲುದಾರ. ವಿಷಯವನ್ನು ತಿಳಿಸಬೇಕು, ತಿಳಿಸುವ ಹೊತ್ತನ್ನೂ ದನಿಯನ್ನೂ ಪ್ರೀತಿಯಿಂದ ಆರಿಸಿಕೊಳ್ಳಬೇಕು.

ಸುಷ್ಮಾ ಸ್ವರಾಜ್ ಅವರನ್ನು ಕನ್ನಡ ನಾಡು 1999ರ ಬಳ್ಳಾರಿ ಚುನಾವಣೆಯಿಂದ ಬಲ್ಲದು. 2016ರ ಡಿಸೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಅವರಿಗೆ ಮೂತ್ರಪಿಂಡದ ಕಸಿಯಾಯಿತು. ಆಗಿನ ವಿದೇಶಾಂಗ ಸಚಿವೆಯಾಗಿದ್ದ ಅವರು ತಮ್ಮ ಕಾಯಿಲೆಯನ್ನು ತಾವೇ ಸಾರ್ವಜನಿಕರಿಗೆ ತಿಳಿಸಿದ್ದರು. 2018ರ ನವೆಂಬರ್‌ನಲ್ಲಿ, ಧೂಳಿನಿಂದ ದೂರವಿರಬೇಕೆಂಬ ವೈದ್ಯರ ಸಲಹೆಯಂತೆ, ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ಘೋಷಿಸಿದಾಗ ಪತಿ ಸ್ವರಾಜ್ ಕೌಶಲ್ ಬಹಿರಂಗವಾಗಿಯೇ ಆಕೆಗೆ ಕೃತಜ್ಞತೆ ಸಲ್ಲಿಸಿದರು. 2019ರ ಆಗಸ್ಟ್ 6ರಂದು ಆಕೆ ಹೃದಯಸ್ತಂಭನದಿಂದ ತೀರಿಕೊಂಡರು. ಹೆಂಡತಿಯ ಬದುಕಿಗೆ ಬಂದ ಮಿತಿಯನ್ನು ಸೋಲೆಂದು ಎಣಿಸದೆ ಆದರದಿಂದ ಸ್ವೀಕರಿಸಿದ ಆ ಪತಿಯ ನಡೆ ಗಮನಾರ್ಹ.

ಸೇವಕನ ಆರ್ತಧ್ಯಾನ

ತತ್ತ್ವಾರ್ಥಸೂತ್ರವು ಆರ್ತಧ್ಯಾನಕ್ಕೆ ನಾಲ್ಕು ಮುಖಗಳನ್ನು ಹೇಳುತ್ತದೆ: ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ ಮತ್ತು ನಿದಾನ. ದೀರ್ಘಕಾಲ ಶುಶ್ರೂಷೆ ಮಾಡುವವನಿಗೆ ನಾಲ್ಕೂ ಒಟ್ಟಿಗೆ ಬರುತ್ತವೆ. ಬೇಡದ ರೋಗ ಮನೆ ಹೊಕ್ಕಿದೆ. ಪ್ರಿಯರು ಅಗಲುವ ಭಯ ಎದೆಯಲ್ಲಿದೆ. ನಿದ್ರೆಯಿಲ್ಲದ ದೇಹ ನೋಯುತ್ತಿದೆ. ಇಂಥ ಪೂಜೆ ಮಾಡಿಸಿದರೆ ಇಂಥ ಫಲ ದೊರೆಯಲಿ ಎಂಬ ಚೌಕಾಸಿಯೂ ನಡೆದಿದೆ. ಹೊರಗೆ ಸೇವೆ, ಒಳಗೆ ಆರ್ತಧ್ಯಾನ; ಇದು ಅವನ ನಿಜವಾದ ಅಪಾಯ. ಇದಕ್ಕೆ ಅವನು ನಾಚಬೇಕಾಗಿಲ್ಲ, ಆದರೆ ಎಚ್ಚರವಾಗಿರಬೇಕು. ದಿನಕ್ಕೊಂದು ಸಾಮಾಯಿಕ, ರಾತ್ರಿಯ ಪಾಳಿಗೆ ಇನ್ನೊಬ್ಬರ ನೆರವು, ಹೊತ್ತಿಗೆ ಸರಿಯಾಗಿ ಊಟ ಇವುಗಳನ್ನು ಸ್ವಾರ್ಥವೆಂದು ಬಗೆಯಬಾರದು. ದಣಿದ ಕೈಯಿಂದ ಔಷಧದ ಲೆಕ್ಕ ತಪ್ಪುತ್ತದೆ.

ಇಲ್ಲಿ ಸಮಾಜವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯೂ ಇದೆ. ಸರ್ಕಾರದ ಅಂಕಿಅಂಶದಂತೆ 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ ಸ್ತ್ರೀಯರಿಗೆ ದೊರೆತದ್ದು 6,945 ಮಾತ್ರ. ಜೀವಂತ ದಾನಿಗಳಲ್ಲಿ ಬಹುಪಾಲು ಸ್ತ್ರೀಯರೇ. ಅಂಗವನ್ನು ಕೊಡುವವಳೂ ಶುಶ್ರೂಷೆ ಮಾಡುವವಳೂ ಹೆಂಡತಿ, ಪಡೆಯುವವನು ಗಂಡ. ಸಮದತ್ತಿಯ ಧರ್ಮವನ್ನು ಒಪ್ಪುವ ಸಮಾಜದಲ್ಲಿ ಈ ಲೆಕ್ಕ ಸರಿಹೊಂದುವುದಿಲ್ಲ. ಹೆಣ್ಣಿನ ಒಪ್ಪಿಗೆಯನ್ನು ಕೇಳುವ ಮೊದಲೇ ಇದ್ದದ್ದೆಂದು ಭಾವಿಸಿದರೆ ಅದು ದಾನವಲ್ಲ, ವಸೂಲಿ.

ಸೋಲು ಮತ್ತು ಸಮಾಧಿ

ಕಸಿ ಮಾಡಿದ ಮೂತ್ರಪಿಂಡ ಶಾಶ್ವತವಲ್ಲ. ಕೆಲವರಿಗೆ ಬಹಳ ವರ್ಷ ನಡೆಯುತ್ತದೆ, ಕೆಲವರಿಗೆ ಬೇಗ ನಿಲ್ಲುತ್ತದೆ. ಆಗ ಮತ್ತೆ ಡಯಾಲಿಸಿಸ್. ಬೇಸತ್ತ ರೋಗಿ ತನಗೆ ಸಲ್ಲೇಖನವೇ ಲೇಸು ಎನ್ನುವುದುಂಟು. ಸಲ್ಲೇಖನವನ್ನು ವಿಧಿಸಿರುವುದು ಪ್ರತೀಕಾರವಿಲ್ಲದ ರೋಗದಲ್ಲಿ. ಸಮಂತಭದ್ರರಿಗೆ ಭಸ್ಮಕ ವ್ಯಾಧಿ ಬಂದಾಗ ಅವರೇ ಸಲ್ಲೇಖನವನ್ನು ಬೇಡಿದರೆಂದೂ, ಗುರುಗಳು ಒಪ್ಪದೆ ರೋಗವನ್ನು ಶಮನಗೊಳಿಸಿಕೊಳ್ಳಲು ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ಚಿಕಿತ್ಸೆಯ ದಾರಿ ಇರುವವರೆಗೆ, ಹತಾಶೆಯಿಂದ ಬಂದ ಆ ಮಾತಿಗೆ ಗಂಡನಾಗಲಿ ಹೆಂಡತಿಯಾಗಲಿ ಕೊಡಬೇಕಾದ ಉತ್ತರ ಆ ಗುರುಗಳದೇ. ದಾರಿ ಮುಗಿದ ದಿನ ಬಲವಂತದಿಂದ ಹಿಡಿದಿಡದೆ ಸಮಾಧಾನದಿಂದ ಬೀಳ್ಕೊಡುವುದೂ ಅದೇ ಸೇವೆಯ ಕೊನೆಯ ಅಂಗ.

ಟ್ರಸ್ಟುಗಳ ಕರ್ತವ್ಯ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಬಸದಿಗಳ ಆದಾಯದಲ್ಲಿ ಎಷ್ಟು ಪಾಲು ಸಲ್ಲುತ್ತಿದೆ ಎಂಬುದನ್ನು ಪ್ರತಿಯೊಂದು ಟ್ರಸ್ಟೂ ತನ್ನ ಜಮಾಖರ್ಚಿನಲ್ಲಿ ನೋಡಿಕೊಳ್ಳಬಹುದು. ಶಸ್ತ್ರಚಿಕಿತ್ಸೆಗೆ ಒಮ್ಮೆ ಹಣ ಕೂಡಿಸುವುದು ಸುಲಭ. ಪ್ರತಿ ತಿಂಗಳ ಗುಳಿಗೆಗೆ ಕೊಡುವವರು ವಿರಳ. ಔಷಧಕ್ಕೆಂದೇ ಒಂದು ಶಾಶ್ವತ ನಿಧಿ, ದೊಡ್ಡ ನಗರದ ಧರ್ಮಶಾಲೆಯಲ್ಲಿ ಇಂಥ ದಂಪತಿಗಳಿಗೆ ಶುಚಿಯಾದ ಒಂದು ಕೋಣೆ, ರಾತ್ರಿ ಕುಳಿತುಕೊಳ್ಳಲು ಸರದಿಯ ಮೇಲೆ ಇಬ್ಬರು ತರುಣರು, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಅಂಗಾಂಗದಾನದ ಮಾಹಿತಿ ಫಲಕ, ಇಷ್ಟು ಮಾಡುವುದಕ್ಕೆ ಹೊಸ ಶಿಖರ ಕಟ್ಟುವಷ್ಟು ವೆಚ್ಚ ಬಾರದು.

ವ್ಯಾಪಾರದಲ್ಲಿ ವರ್ಷದ ಕೊನೆಗೆ ಲಾಭನಷ್ಟ ತೆಗೆಯುವುದು ವಾಡಿಕೆ. ದೀರ್ಘ ಶುಶ್ರೂಷೆಗೆ ಆ ಲೆಕ್ಕ ಒಗ್ಗುವುದಿಲ್ಲ. ಅಂಗ ಉಳಿದರೆ ಲಾಭ, ಕೆಟ್ಟರೆ ನಷ್ಟ ಎಂದು ಬರೆದರೆ ಅರ್ಧ ಜನರ ಸೇವೆ ವ್ಯರ್ಥವಾದಂತೆ ತೋರುತ್ತದೆ. ಆತ್ಮದ ಖಾತೆಯಲ್ಲಿ ಜಮೆಯಾಗುವುದು ಫಲಿತಾಂಶವಲ್ಲ, ಪರಿಣಾಮಶುದ್ಧಿ. ಹೊತ್ತಿಗೆ ಸರಿಯಾಗಿ ಕೊಟ್ಟ ಗುಳಿಗೆ, ತಾಳಿಕೊಂಡ ಮಾತು, ಮುಚ್ಚಿಡದೆ ಹೇಳಿದ ಸತ್ಯ, ಜೊತೆಗೆ ಕುಳಿತು ಉಂಡ ಉಪ್ಪಿಲ್ಲದ ಊಟ, ಇವು ರೋಗ ಗೆದ್ದರೂ ಸೋತರೂ ಅಳಿಯುವುದಿಲ್ಲ.